ಕೋಡ್ ಬಾರದವರು ಸಾಫ್ಟ್‌ವೇರ್ ಉದ್ಯಮ ಕಟ್ಟುವ ಬಗೆ: ಚಾಕಿ ಕೇಂದ್ರದ ಬುಕಿಂಗ್ ಪುಸ್ತಕದಿಂದ ಶುರು ಮಾಡಿ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಬೆಳೆಯುವವರಲ್ಲಿ ಬಹಳಷ್ಟು ಮಂದಿ ಈಗ ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡುವ ಗೋಜಿಗೆ ಹೋಗುವುದಿಲ್ಲ. ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಲ್ಲಿ ಎರಡನೇ ಜ್ವರದವರೆಗೆ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ ಜ್ವರ ಎನ್ನುತ್ತಾರೆ) ಸಾಕಿದ ಹುಳುವನ್ನು ಕೊಂಡು ತರುತ್ತಾರೆ. ಯಾವ ರೈತರಿಗೆ ಎಷ್ಟು ಮೊಟ್ಟೆಯ ಹುಳು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನು ಒಂದು ಮೊಟ್ಟೆ ಎಂದು ಎಣಿಸುತ್ತಾರೆ), ಯಾವ ದಿನ, ಮುಂಗಡ ಎಷ್ಟು ಬಂತು, ಬಾಕಿ ಎಷ್ಟು ಎಂಬ ಲೆಕ್ಕ ಅರ್ಧ ನೋಟ್‌ಬುಕ್ಕಿನಲ್ಲಿರುತ್ತದೆ, ಇನ್ನರ್ಧ ಮಾಲೀಕರ ಫೋನಿನಲ್ಲಿರುತ್ತದೆ. ಈ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿ ತಿಂಗಳ ಬಾಡಿಗೆಗೆ ಕೊಡುವುದು ಒಂದು ಒಳ್ಳೆಯ ಸಣ್ಣ ಉದ್ಯಮ. ಅದನ್ನು ಕಟ್ಟಲು ನಿಮಗೆ ಕೋಡ್ ಬರೆಯಲು ಬರಬೇಕಾಗಿಲ್ಲ. ಕೋಡ್ ದುಡ್ಡಿಗೆ ಸಿಗುತ್ತದೆ. ಆದರೆ ಮೂರು ಕೆಲಸ ಯಾರಿಗೂ ಗುತ್ತಿಗೆ ಕೊಡಲು ಆಗುವುದಿಲ್ಲ: ಕಸುಬಿನ ನಿಯಮಗಳನ್ನು ಬರೆದಿಡುವುದು, ಮೊದಲ ಗಿರಾಕಿಗಳಿಂದ ಹಣ ಪಡೆಯುವುದು, ಎಲ್ಲ ಖಾತೆಗಳ ಒಡೆತನವನ್ನು ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳುವುದು. ಈ ಲೇಖನದ ಹೆಚ್ಚಿನ ಭಾಗ ಈ ಮೂರರ ಬಗ್ಗೆಯೇ ಇದೆ.

ಉದಾಹರಣೆ ಚಾಕಿಯದ್ದು. ನೀವು ಕೋಲಾರದ ಟೊಮೆಟೊ ಮಂಡಿಯ ಖಾಲಿ ಕ್ರೇಟ್ ಲೆಕ್ಕವನ್ನೋ ತಿಪಟೂರಿನ ಕೊಬ್ಬರಿ ವ್ಯಾಪಾರವನ್ನೋ ಹಿಡಿದರೂ ದಾರಿ ಇದೇ.

ಹೆಜ್ಜೆ 1: ಒಂದೇ ಕೆಲಸ ಹಿಡಿಯಿರಿ, ಪುಸ್ತಕ ಕೇಳಿ ನೋಡಿ

"ರೇಷ್ಮೆ ರೈತರಿಗೆ ಸಂಪೂರ್ಣ ಆ್ಯಪ್" ಎಂದು ಹೊರಟರೆ ಹವಾಮಾನ, ಗೂಡಿನ ದರ, ರೋಗದ ಸಲಹೆ, ಸಾಲ ಎಲ್ಲವೂ ಒಳಗೆ ಬರುತ್ತವೆ. ಯಾವುದಕ್ಕೂ ಯಾರೂ ಹಣ ಕೊಡುವುದಿಲ್ಲ. ಗೂಡಿನ ದರ ರೈತರಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಿಟ್ಟಿಯಾಗಿ ಸಿಗುತ್ತಿದೆ. ಹಣ ಕೊಡುವವರು ಯಾರು, ಯಾವ ನಷ್ಟ ತಪ್ಪಿಸಿಕೊಳ್ಳಲು ಕೊಡುತ್ತಾರೆ ಎಂದು ಹುಡುಕಿ. ಇಲ್ಲಿ ಅವರು ಚಾಕಿ ಕೇಂದ್ರದ ಮಾಲೀಕರು. ಜ್ವರದಿಂದ ಎದ್ದ ಹುಳುವಿಗೆ ಸೊಪ್ಪು ಬೇಕೇ ಬೇಕು, ಅದನ್ನು ಗೋದಾಮಿನಲ್ಲಿ ಇಡುವಂತಿಲ್ಲ. ಬುಕ್ ಮಾಡಿದ ರೈತರು ಕೊನೇ ಗಳಿಗೆಯಲ್ಲಿ "ಸೊಪ್ಪು ಇನ್ನೂ ಬಲಿತಿಲ್ಲ, ಮುಂದಿನ ವಾರ ನೋಡೋಣ" ಎಂದರೆ ಆ ಹುಳು ಬೇರೆಯವರಿಗೆ ಅಗ್ಗಕ್ಕೆ ಹೋಗಬೇಕು, ಇಲ್ಲವೇ ಎಸೆಯಬೇಕು.

ಕನಿಷ್ಠ ಹತ್ತು ಕೇಂದ್ರಗಳಿಗೆ ಹೋಗಿ. "ಇಂಥದ್ದೊಂದು ಆ್ಯಪ್ ಮಾಡಿದರೆ ತಗೊಳ್ತೀರಾ ಅಣ್ಣ?" ಎಂದು ಕೇಳಬೇಡಿ. ಎಲ್ಲರೂ "ಮಾಡಪ್ಪ, ಒಳ್ಳೇದು" ಎನ್ನುತ್ತಾರೆ, ಅದು ಮರ್ಯಾದೆಯ ಮಾತು. ಹೀಗೆ ಕೇಳಿ: ಹೋದ ತಿಂಗಳು ಎಷ್ಟು ಬುಕಿಂಗ್ ಕೈ ತಪ್ಪಿತು? ಆ ಹುಳು ಎಲ್ಲಿಗೆ ಹೋಯಿತು? ಬಾಕಿ ವಸೂಲಿಗೆ ಯಾರು ಫೋನ್ ಮಾಡುತ್ತಾರೆ, ಯಾವ ಹೊತ್ತಿನಲ್ಲಿ? ಬುಕಿಂಗ್ ಪುಸ್ತಕದ ಕೊನೆಯ ನಾಲ್ಕು ಪುಟ ತೋರಿಸುತ್ತೀರಾ? ಪುಸ್ತಕದಲ್ಲಿ ಹೊಡೆದು ಹಾಕಿದ ಸಾಲುಗಳು, ಅಂಚಿನಲ್ಲಿ ಬರೆದ ಫೋನ್ ನಂಬರ್, "ಮಾವನ ಕಡೆಯವರು" ಎಂಬ ಗುರುತು, ಎರಡು ದಿನಾಂಕದ ನಡುವೆ ಎಳೆದ ಬಾಣ ಕಾಣುತ್ತವೆ. ಸಾಫ್ಟ್‌ವೇರ್ ಸಂಭಾಳಿಸಬೇಕಾದದ್ದು ಅವುಗಳನ್ನೇ. ಅನುಮತಿ ಕೇಳಿ ಫೋಟೊ ತೆಗೆದುಕೊಳ್ಳಿ, ರೈತರ ಹೆಸರು ಮತ್ತು ನಂಬರ್ ಮುಚ್ಚಿ.

ಹತ್ತರಲ್ಲಿ ಮೂವರಾದರೂ ತಾವಾಗಿ ನಷ್ಟದ ಅಂಕಿ ಹೇಳದಿದ್ದರೆ ಬೇರೆ ಸಮಸ್ಯೆ ಹುಡುಕಿ.

ಹೆಜ್ಜೆ 2: ನಿಯಮ ಪುಸ್ತಕ ಬರೆಯಿರಿ

ಹೆಚ್ಚಿನ ಉದ್ಯಮಗಳು ಎಡವುವುದು ಇಲ್ಲೇ. ಆದ್ದರಿಂದ ಇದಕ್ಕೆ ಎರಡು ವಾರ ಕೊಟ್ಟರೂ ಹೆಚ್ಚಲ್ಲ. ಡೆವಲಪರ್‌ಗೆ ರೇಷ್ಮೆ ಗೊತ್ತಿರುವುದಿಲ್ಲ. ನೀವು ಬಾಯಲ್ಲಿ ಹೇಳಿದ್ದನ್ನು ಅವರು ತಮಗೆ ಗೊತ್ತಿರುವ ಹೋಟೆಲ್ ಬುಕಿಂಗ್‌ನಂತೆ ಅರ್ಥ ಮಾಡಿಕೊಳ್ಳುತ್ತಾರೆ. ಹೋಟೆಲ್ ಕೋಣೆ ಇವತ್ತು ಖಾಲಿ ಉಳಿದರೆ ನಾಳೆಗೂ ಇರುತ್ತದೆ. ಹುಳು ಇರುವುದಿಲ್ಲ.

ಕನ್ನಡದಲ್ಲೇ, ಅಂಕಿಯೊಂದಿಗೆ ಬರೆಯಿರಿ. ದಿನಾಂಕದ ನಿಯಮ ಹೀಗಿರಬಹುದು: ರೈತರಿಗೆ ಹುಳು ಕೊಡುವ ದಿನ ನವೆಂಬರ್ 20 ಎಂದುಕೊಳ್ಳಿ. ಮೊಟ್ಟೆಯೊಡೆದ ಮರಿಗೆ ಮೊದಲ ಎಳೆ ಸೊಪ್ಪು ಕೊಟ್ಟ ದಿನದಿಂದ ಎರಡನೇ ಜ್ವರದವರೆಗೆ 7ರಿಂದ 8 ದಿನ ಬೇಕು. ಹಾಗಾದರೆ ಚಾಕಿ ಕಟ್ಟುವ ದಿನ ನವೆಂಬರ್ 12. ಮೊಟ್ಟೆ ಕಾವಿಗೆ ಇಟ್ಟ ಮೇಲೆ ಒಡೆಯಲು 10ರಿಂದ 11 ದಿನ. ಅಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಿಂದ ಮೊಟ್ಟೆ ನವೆಂಬರ್ 1ಕ್ಕೆ ಕೈಗೆ ಬಂದಿರಬೇಕು. ಹುಳು ಬೇಕಾದ ದಿನಕ್ಕಿಂತ ಸುಮಾರು 20 ದಿನ ಮೊದಲೇ ಬುಕಿಂಗ್ ಮುಗಿಯಬೇಕು ಎಂಬ ಗಡುವು ಈ ಲೆಕ್ಕದಿಂದ ಹುಟ್ಟುತ್ತದೆ. ಈ ಗಡುವು ನಿಮ್ಮ ಸಾಫ್ಟ್‌ವೇರಿನ ಬೆನ್ನೆಲುಬು. ಗಡುವಿನ ನಂತರ ಬಂದ ಬುಕಿಂಗ್ ಅನ್ನು ಅದು ತಾನಾಗಿ ಮುಂದಿನ ತಂಡಕ್ಕೆ (ಒಂದೇ ದಿನ ಚಾಕಿ ಕಟ್ಟಿದ ಹುಳುಗಳೆಲ್ಲ ಸೇರಿ ಒಂದು ತಂಡ) ಹಾಕಬೇಕು, ಅಥವಾ ಯಾರಾದರೂ ಬಿಟ್ಟ ಹುಳು ಇದ್ದರೆ ತೋರಿಸಬೇಕು.

ಚಾಕಿ ಕೋಣೆಯಲ್ಲಿ 27ರಿಂದ 28 ಡಿಗ್ರಿ ಶಾಖ ಮತ್ತು 85ರಿಂದ 90 ಶೇಕಡಾ ತೇವಾಂಶ ಕಾಯ್ದುಕೊಂಡರೆ ಮೇಲಿನ ದಿನಗಳ ಲೆಕ್ಕ ಸರಿ. ಚಳಿಗಾಲದಲ್ಲಿ ಶಾಖ ಕಡಿಮೆಯಾದರೆ ಜ್ವರ ತಡವಾಗುತ್ತದೆ. ಆದ್ದರಿಂದ "8 ದಿನ" ಎಂಬ ಅಂಕಿಯನ್ನು ಕೋಡಿನೊಳಗೆ ಹೂತು ಹಾಕಬಾರದು. ಕೇಂದ್ರದವರೇ ಪ್ರತಿ ತಂಡಕ್ಕೂ ಬದಲಿಸಿಕೊಳ್ಳುವಂತಿರಬೇಕು. ನಿಯಮ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕ "ಬದಲಾಗುತ್ತದೆ" ಅಥವಾ "ಬದಲಾಗದು" ಎಂದು ಬರೆದಿಡಿ. ಮುಂದೆ ಬರುವ ಅರ್ಧದಷ್ಟು ಜಗಳ ಇದರಿಂದ ತಪ್ಪುತ್ತದೆ.

ಆಮೇಲೆ ಅಡ್ಡಿಗಳ ಪಟ್ಟಿ. ಇದನ್ನು ಕೇಂದ್ರದಲ್ಲಿ ಕೂತು, ಬುಕಿಂಗ್ ಬರೆಯುವವರ ಬಾಯಿಂದಲೇ ತೆಗೆಯಬೇಕು:

- ರೈತರು 200 ಮೊಟ್ಟೆ ಹೇಳಿ, ಬಂದ ದಿನ 150 ಸಾಕು ಎಂದರೆ ಉಳಿದ 50 ಯಾರ ಲೆಕ್ಕ?
- ಮೊಟ್ಟೆ ಸರಿಯಾಗಿ ಒಡೆಯದೆ ಹುಳು ಕಡಿಮೆ ಬಂದರೆ ಎಲ್ಲರಿಗೂ ಸಮನಾಗಿ ಕಡಿತವೋ, ಮೊದಲು ಬುಕ್ ಮಾಡಿದವರಿಗೆ ಪೂರ್ತಿಯೋ?
- ಮಿಶ್ರತಳಿ ಹುಳು ಬುಕ್ ಮಾಡಿದವರು ಬೈವೋಲ್ಟೈನ್ ತಳಿಗೆ ಬದಲಾಯಿಸಲು ಎಷ್ಟು ದಿನದವರೆಗೆ ಅವಕಾಶ?
- ಹಿಂದಿನ ಬೆಳೆಯ ಬಾಕಿ ಇರುವಾಗ ಹೊಸ ಬುಕಿಂಗ್ ತೆಗೆದುಕೊಳ್ಳಬಹುದೇ? ಯಾರ ಮಾತಿನ ಮೇಲೆ?
- ಅಪ್ಪನ ಹೆಸರಿನಲ್ಲಿ ಒಂದು, ಮಗನ ಹೆಸರಿನಲ್ಲಿ ಒಂದು, ಫೋನ್ ಮಾತ್ರ ಒಂದೇ ಇದ್ದರೆ?

ಕೊನೆಯದ್ದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಡೆವಲಪರ್‌ಗಳು ಸಾಮಾನ್ಯವಾಗಿ ಫೋನ್ ನಂಬರನ್ನೇ ಗ್ರಾಹಕರ ಗುರುತಾಗಿ ಇಟ್ಟುಬಿಡುತ್ತಾರೆ. ಹಳ್ಳಿಯಲ್ಲಿ ಒಂದು ಫೋನಿಗೆ ಮೂರು ಖಾತೆ ಇರುತ್ತದೆ, ನಂಬರ್ ವರ್ಷಕ್ಕೊಮ್ಮೆ ಬದಲಾಗುತ್ತದೆ. ಆಗ ಬಾಕಿ ಲೆಕ್ಕ ಒಬ್ಬರದ್ದು ಇನ್ನೊಬ್ಬರಿಗೆ ಹತ್ತುತ್ತದೆ. ಹಾಗೆ ಒಮ್ಮೆ ಆದರೆ ಆ ಕೇಂದ್ರ ನಿಮ್ಮ ಸಾಫ್ಟ್‌ವೇರನ್ನು ಮತ್ತೆ ನಂಬುವುದಿಲ್ಲ. ಪ್ರತಿ ರೈತರಿಗೂ ಪ್ರತ್ಯೇಕ ಸಂಖ್ಯೆ ಕೊಡಿ, ಫೋನ್ ಬರೀ ವಿವರವಾಗಿರಲಿ.

ಹೆಜ್ಜೆ 3: ಕೋಡ್ ಇಲ್ಲದೆ ಮೂರು ತಂಡ ನಡೆಸಿ

ಎರಡು ಅಥವಾ ಮೂರು ಕೇಂದ್ರಗಳನ್ನು ಒಪ್ಪಿಸಿ, ಗೂಗಲ್ ಶೀಟ್ಸ್ ಮತ್ತು ವಾಟ್ಸ್ಆ್ಯಪ್ ಬಿಸಿನೆಸ್ ಹಿಡಿದು ಕೈಯಲ್ಲೇ ಸೇವೆ ಕೊಡಿ. ಎರಡೂ ಉಚಿತ. ಒಂದು ಹಾಳೆಯಲ್ಲಿ ತಂಡಗಳು (ಚಾಕಿ ಕಟ್ಟುವ ದಿನ, ಕೊಡುವ ದಿನ, ತಳಿ, ಒಟ್ಟು ಮೊಟ್ಟೆ). ಇನ್ನೊಂದರಲ್ಲಿ ರೈತರು. ಮೂರನೆಯದರಲ್ಲಿ ಬುಕಿಂಗ್: ರೈತರ ಸಂಖ್ಯೆ, ತಂಡದ ಸಂಖ್ಯೆ, ಮೊಟ್ಟೆ, ಮುಂಗಡ, ಬಾಕಿ, ಸ್ಥಿತಿ. ಕೇಂದ್ರದವರು ಪುಸ್ತಕದ ಫೋಟೊ ಕಳಿಸಲಿ, ನೀವು ಸಂಜೆ ಹಾಳೆಗೆ ಏರಿಸಿ. ಹುಳು ಕೊಡುವ ಐದು ದಿನ ಮೊದಲು ಪ್ರತಿ ರೈತರಿಗೂ ಫೋನ್ ಮಾಡಿ ಸೊಪ್ಪು ಮತ್ತು ಹುಳು ಮನೆ ಸಿದ್ಧವಿದೆಯೇ ಕೇಳಿ. ಹಿಂದೆ ಸರಿಯುವವರು ಆಗಲೇ ಗೊತ್ತಾಗುತ್ತಾರೆ, ಬೇರೆಯವರನ್ನು ಹುಡುಕಲು ಕೇಂದ್ರದವರಿಗೆ ಸಮಯ ಸಿಗುತ್ತದೆ. ಹಣ ಉಳಿಸುವುದು ಆ ಫೋನ್ ಕರೆ. ಸಾಫ್ಟ್‌ವೇರ್ ಮಾಡಬೇಕಾದದ್ದು ಆ ಕರೆ ಯಾವತ್ತೂ ತಪ್ಪದಂತೆ ನೋಡಿಕೊಳ್ಳುವುದು.

ಈ ಹಂತದಲ್ಲಿ ಕೆಡುವುದು ಹೆಚ್ಚಾಗಿ ದಿನಾಂಕ. ಶೀಟ್ಸ್ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/11 ಎಂದು ಬರೆದದ್ದು ನವೆಂಬರ್ 5ರ ಬದಲು ಮೇ 11 ಆಗುತ್ತದೆ. ಮೊದಲು ಅದನ್ನು ಇಂಡಿಯಾ ಮಾಡಿ. "20.11" ಎಂದು ಚುಕ್ಕೆ ಇಟ್ಟು ಬರೆದರೆ ಅದು ದಿನಾಂಕವಾಗದೆ ಬರೀ ಅಕ್ಷರವಾಗಿ ಅಥವಾ ದಶಮಾಂಶವಾಗಿ ಉಳಿದು ಲೆಕ್ಕ ತಪ್ಪಬಹುದು. ಆ ಕಾಲಂನಲ್ಲಿ ದಿನಾಂಕ ಬಿಟ್ಟು ಬೇರೇನೂ ಹೋಗದಂತೆ ಡೇಟಾ ವ್ಯಾಲಿಡೇಶನ್ ಹಾಕಿ. ಊರಿನ ಹೆಸರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಇಲ್ಲದಿದ್ದರೆ ಒಂದೇ ಊರು ನಾಲ್ಕು ಬಗೆಯಲ್ಲಿ ಕೂತಿರುತ್ತದೆ.

ಮೊದಲ ತಂಡ ಬೇಕಾದರೆ ಉಚಿತವಾಗಿ ಕೊಡಿ. ಎರಡನೆಯದಕ್ಕೆ ಹಣ ಕೇಳಿ, ಐನೂರು ರೂಪಾಯಿಯಾದರೂ ಸರಿ. "ಆಮೇಲೆ ನೋಡೋಣ" ಎಂಬ ಉತ್ತರ ಮೂರೂ ಕಡೆ ಬಂದರೆ ಡೆವಲಪರ್ ಹುಡುಕಬೇಡಿ, ಹೆಜ್ಜೆ 1ಕ್ಕೆ ಹಿಂತಿರುಗಿ. ಕೇಳುವ ಹೊತ್ತೂ ಮುಖ್ಯ. ಹಲವು ರೈತರು ಗೂಡು ಮಾರಿದ ಮೇಲೆ ಚಾಕಿ ಹಣ ತೀರಿಸುತ್ತಾರೆ. ಹುಳು ಮನೆಗೆ ಬಂದ ಮೇಲೆ ಹಣ್ಣಾಗಿ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಏರಲು ಎರಡೂವರೆ ವಾರ, ಗೂಡು ಬಿಡಿಸಲು ಇನ್ನೊಂದು ವಾರ. ಕೇಂದ್ರದ ಕೈಗೆ ದುಡ್ಡು ಬರುವುದು ಅದಾದ ಮೇಲೆ. ತಿಂಗಳ ಒಂದನೇ ತಾರೀಕು ಬಿಲ್ ಕಳಿಸುವ ಬದಲು ಪ್ರತಿ ತಂಡ ಮುಗಿದು ಒಂದು ತಿಂಗಳಾದ ಮೇಲೆ ಬಿಲ್ ಮಾಡಿದರೆ ವಸೂಲಿ ಸುಲಭ.

ಕೇಂದ್ರಗಳು ನಾಲ್ಕೈದಾದಾಗ ಅದೇ ಶೀಟ್ ಮೇಲೆ ಆ್ಯಪ್‌ಶೀಟ್‌ನಂಥ ನೋ-ಕೋಡ್ ಸಾಧನದಿಂದ ಫೋನಿಗೆ ಆ್ಯಪ್ ಕಟ್ಟಬಹುದು. ಮಾದರಿ ಹಂತದಲ್ಲಿ 10 ಜನ ಬಳಕೆದಾರರವರೆಗೆ ಅದಕ್ಕೆ ಶುಲ್ಕವಿಲ್ಲ. ನೆಟ್‌ವರ್ಕ್ ಇಲ್ಲದಾಗ ಬರೆದು ಆಮೇಲೆ ಕಳಿಸುವ ಅನುಕೂಲವೂ ಇದೆ. ಹಳ್ಳಿಯ ಅಂಚಿನಲ್ಲಿರುವ ಚಾಕಿ ಕೇಂದ್ರಕ್ಕೆ ಇದು ಬೇಕೇ ಬೇಕಾದ ಗುಣ. ಮೂರು ತಂಡ ಇದರಲ್ಲಿ ಓಡಿಸಿದರೆ ನಿಮ್ಮ ನಿಯಮ ಪುಸ್ತಕದಲ್ಲಿ ಹೊಸದಾಗಿ ಹತ್ತಾರು ಸಾಲು ಸೇರಿರುತ್ತವೆ. ಪ್ರತಿಯೊಂದನ್ನೂ ಸಾಫ್ಟ್‌ವೇರ್ ಕಟ್ಟಿದ ಮೇಲೆ ಕಂಡುಹಿಡಿದಿದ್ದರೆ ಪ್ರತಿಯೊಂದಕ್ಕೂ ಡೆವಲಪರ್‌ಗೆ ಹಣ ಕಟ್ಟಬೇಕಿತ್ತು.

ಹೆಜ್ಜೆ 4: ಎಐ ಕೊಟ್ಟ ಮಾದರಿಯನ್ನು ಪರೀಕ್ಷೆ ಮಾಡದೆ ಗಿರಾಕಿಗೆ ಕೊಡಬೇಡಿ

ಈಗ ಚಾಟ್‌ಜಿಪಿಟಿ, ಕ್ಲಾಡ್, ರೆಪ್ಲಿಟ್‌ನಂಥ ಎಐ ಸಾಧನಗಳಿಗೆ ನಿಯಮ ಪುಸ್ತಕ ಕೊಟ್ಟರೆ ಒಂದೆರಡು ದಿನದಲ್ಲಿ ಓಡುವ ಮಾದರಿ ಬರುತ್ತದೆ. ತೋರಿಸಲು, ತಿದ್ದಿಸಿಕೊಳ್ಳಲು ಅದು ಬಹಳ ಉಪಯೋಗ. ನಿಜವಾದ ರೈತರ ವಿವರ ಅದರಲ್ಲಿ ಹಾಕುವ ಮುಂಚೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎರಡು ಕೇಂದ್ರಗಳ ಹೆಸರಿನಲ್ಲಿ ಎರಡು ಲಾಗಿನ್ ಮಾಡಿ. ಮೊದಲನೆಯದರಲ್ಲಿ ಒಂದು ಬುಕಿಂಗ್ ತೆರೆದು, ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವ ವಿಳಾಸದ ಕೊನೆಗಿರುವ ಸಂಖ್ಯೆ, 41 ಎಂದಿಟ್ಟುಕೊಳ್ಳಿ, ಅದನ್ನು ಎರಡನೇ ಕೇಂದ್ರದ ಬುಕಿಂಗ್ ಸಂಖ್ಯೆಗೆ ಬದಲಿಸಿ. ಆ ಬುಕಿಂಗ್ ತೆರೆದುಕೊಂಡರೆ ಒಬ್ಬರ ಗ್ರಾಹಕರ ಪಟ್ಟಿ ಇನ್ನೊಬ್ಬರಿಗೆ ಸಿಗುತ್ತದೆ ಎಂದರ್ಥ. ಪೈಪೋಟಿಯಲ್ಲಿರುವ ಅಕ್ಕಪಕ್ಕದ ಚಾಕಿ ಕೇಂದ್ರಗಳ ನಡುವೆ ಇದಕ್ಕಿಂತ ದೊಡ್ಡ ದ್ರೋಹ ಇಲ್ಲ. ಲಾಗಿನ್ ಪರದೆ ಇದ್ದರೂ ಒಳಗೆ "ಈ ದಾಖಲೆ ಈ ಕೇಂದ್ರದ್ದೇ?" ಎಂದು ಸರ್ವರ್ ಪ್ರತಿ ಸಲ ಕೇಳಿಕೊಳ್ಳದಿರುವುದು ಇದಕ್ಕೆ ಕಾರಣ. ಎಐ ಬರೆದ ಕೋಡಿನಲ್ಲೂ ಅನುಭವವಿಲ್ಲದವರ ಕೋಡಿನಲ್ಲೂ ಮೇಲಿಂದ ಮೇಲೆ ಸಿಗುವ ದೋಷ ಇದು.

ಹಣ, ಫೋನ್ ನಂಬರ್, ಬಾಕಿ ಲೆಕ್ಕ ಇರುವ ಸಾಫ್ಟ್‌ವೇರನ್ನು ಅನುಭವಿ ಡೆವಲಪರ್ ಒಬ್ಬರು ಒಮ್ಮೆ ಪೂರ್ತಿ ಓದಿ ನೋಡದೆ ಬಿಡುಗಡೆ ಮಾಡಬಾರದು.

ಹೆಜ್ಜೆ 5: ಡೆವಲಪರ್ ಜೊತೆ ಒಪ್ಪಂದ

ಒಟ್ಟು ಕೆಲಸಕ್ಕೆ ಒಂದೇ ಮೊತ್ತ ಹೇಳಿಸಿ ಅರ್ಧ ಮುಂಗಡ ಕೊಡುವುದು ರೂಢಿ. ಅದು ಇಬ್ಬರಿಗೂ ಕೆಟ್ಟದ್ದು. ಎರಡು ವಾರಕ್ಕೊಂದು ತುಂಡು ಮಾಡಿ: ಮೊದಲ ತುಂಡು ತಂಡ ಮತ್ತು ಬುಕಿಂಗ್ ಬರೆಯುವುದು, ಎರಡನೆಯದು ಗಡುವು ಮತ್ತು ನೆನಪೋಲೆ, ಮೂರನೆಯದು ಬಾಕಿ ಮತ್ತು ರಸೀದಿ. ಪ್ರತಿ ತುಂಡೂ ನಿಮ್ಮ ಫೋನಿನಲ್ಲಿ ಓಡಿದ ಮೇಲೆ ಅದರ ಹಣ. ಒಟ್ಟು ಮೊತ್ತದ ಶೇಕಡಾ 15ರಷ್ಟು ಒಂದು ಪೂರ್ತಿ ತಂಡ ನಿಜವಾದ ಕೇಂದ್ರದಲ್ಲಿ ತಪ್ಪಿಲ್ಲದೆ ಮುಗಿಯುವವರೆಗೆ ಉಳಿಯಲಿ. ನಿಯಮ ಪುಸ್ತಕದಲ್ಲಿ ಇದ್ದದ್ದು ಆಗದಿದ್ದರೆ ಅದು ದೋಷ, ಡೆವಲಪರ್ ಬಿಟ್ಟಿಯಾಗಿ ಸರಿಪಡಿಸಬೇಕು. ಪುಸ್ತಕದಲ್ಲಿ ಇಲ್ಲದ್ದು ಬೇಕಾದರೆ ಅದು ಬದಲಾವಣೆ, ನೀವು ಹಣ ಕೊಡಬೇಕು. ಈ ಎರಡು ವಾಕ್ಯ ಒಪ್ಪಂದದಲ್ಲಿ ಇರಲೇಬೇಕು.

ಇನ್ನು ಕೋಡಿನ ಒಡೆತನ. "ನಾನು ದುಡ್ಡು ಕೊಟ್ಟಿದ್ದೇನೆ, ಕೋಡ್ ನನ್ನದೇ" ಎಂಬುದು ತಪ್ಪು ತಿಳಿವಳಿಕೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ಕಲಂ 17ರ ಪ್ರಕಾರ ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಫ್ರೀಲಾನ್ಸರ್ ಬರೆದದ್ದು ಸಾಮಾನ್ಯವಾಗಿ ಬರೆದವರದ್ದೇ ಆಗಿ ಉಳಿಯುತ್ತದೆ. ಕಲಂ 19ರಂತೆ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲೂ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ರದ್ದಾಗುವ ನಿಯಮವೂ ಇದೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅನ್ವಯಿಸದು. ಹಾಗಾಗಿ "ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ, ಜಗತ್ತಿನಾದ್ಯಂತ, ಕಲಂ 19(4) ಅನ್ವಯವಾಗದಂತೆ" ಎಂಬ ಮಾತನ್ನು ವಕೀಲರಿಂದ ಬರೆಸಿ, ಕೆಲಸ ಶುರುವಾಗುವ ಮೊದಲೇ ಸಹಿ ಮಾಡಿಸಿ.

ಕಾಗದದಷ್ಟೇ ಮುಖ್ಯ ಬೀಗದ ಕೈ. ಈ ಖಾತೆಗಳೆಲ್ಲ ನಿಮ್ಮ ಉದ್ಯಮದ ಇಮೇಲ್‌ನಲ್ಲಿ, ನಿಮ್ಮ ಕಾರ್ಡಿನಿಂದ ಹಣ ಕಟ್ಟಿ ತೆರೆದಿರಬೇಕು: ಡೊಮೇನ್ ಹೆಸರು, ಕ್ಲೌಡ್ ಸರ್ವರ್, ಕೋಡ್ ಇಡುವ ಗಿಟ್‌ಹಬ್, ಗೂಗಲ್ ಪ್ಲೇ ಕನ್ಸೋಲ್ (ಪ್ಲೇ ಸ್ಟೋರ್‌ಗೆ ಆ್ಯಪ್ ಏರಿಸುವ ಖಾತೆ), ಎಸ್‌ಎಂಎಸ್ ಖಾತೆ, ವಾಟ್ಸ್ಆ್ಯಪ್ ನಂಬರ್, ಪಾವತಿ ಗೇಟ್‌ವೇ. ಡೆವಲಪರ್‌ಗೆ ಪ್ರತಿಯೊಂದರಲ್ಲೂ ಸದಸ್ಯರ ಪ್ರವೇಶ ಕೊಡಿ, ಮಾಲೀಕತ್ವ ಕೊಡಬೇಡಿ. "ನನ್ನ ಹಳೇ ಸರ್ವರ್ ಇದೆ, ಅದರಲ್ಲೇ ಹಾಕ್ತೀನಿ ಬಿಡಿ ಸರ್, ಖರ್ಚು ಉಳಿಯುತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಫೋನ್ ಎತ್ತುವುದು ನಿಂತ ದಿನ ನಿಮ್ಮ ಉದ್ಯಮವೂ ನಿಲ್ಲುತ್ತದೆ. ಕೊನೆಯ ಕಂತು ಕೊಡುವ ಮುಂಚೆ ಒಂದು ಕೆಲಸ ಮಾಡಿಸಿ: ಬೇರೊಬ್ಬ ಡೆವಲಪರ್‌ಗೆ ಒಂದು ದಿನದ ಕೂಲಿ ಕೊಟ್ಟು, ಗಿಟ್‌ಹಬ್‌ನಲ್ಲಿರುವ ಕೋಡ್ ಮತ್ತು ಬರೆದಿಟ್ಟ ಸೂಚನೆಗಳಿಂದಷ್ಟೇ ಇಡೀ ಸಾಫ್ಟ್‌ವೇರನ್ನು ಹೊಸ ಸರ್ವರ್‌ನಲ್ಲಿ ಎಬ್ಬಿಸಲು ಹೇಳಿ. ಎದ್ದರೆ ಅದು ನಿಮ್ಮದು. ಇದೇ ಪರೀಕ್ಷೆಯನ್ನು ಬ್ಯಾಕಪ್‌ಗೂ ಮಾಡಿ. ಬ್ಯಾಕಪ್ ಆಗುತ್ತಿದೆ ಎಂಬ ಮಾತು ಸಾಲದು, ನಿನ್ನೆಯ ಬ್ಯಾಕಪ್ ಮತ್ತೆ ತೆರೆದು ಬಾಕಿ ಲೆಕ್ಕ ತಾಳೆಯಾಗುವುದನ್ನು ಕಣ್ಣಾರೆ ನೋಡಿ.

ಗೆಳೆಯರಾದ ಡೆವಲಪರ್ ಸಂಬಳದ ಬದಲು ಪಾಲು ಕೇಳಿದರೆ ಕೊಡಬಹುದು, ಒಂದೇ ದಿನ ಕೊಡಬಾರದು. ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ಪೂರ್ತಿ ಮುಗಿಯದೆ ಏನೂ ದಕ್ಕದು ಎಂದು ಬರೆಸುವುದು ಈ ಕ್ಷೇತ್ರದ ಸಾಮಾನ್ಯ ಪದ್ಧತಿ. ಆರು ತಿಂಗಳಿಗೆ ಬಿಟ್ಟು ಹೋದವರ ಕೈಯಲ್ಲಿ ಅರ್ಧ ಕಂಪನಿ ಉಳಿದರೆ ಮುಂದೆ ಹೂಡಿಕೆದಾರರೂ ಬರುವುದಿಲ್ಲ, ಹೊಸ ಡೆವಲಪರ್‌ಗೆ ಕೊಡಲು ಪಾಲೂ ಇರುವುದಿಲ್ಲ.

ಹೆಜ್ಜೆ 6: ಕನ್ನಡದ ವಿಷಯದಲ್ಲಿ ಮೊದಲೇ ತೀರ್ಮಾನಿಸಬೇಕಾದವು

ಹಳೇ ದಾಖಲೆ ಕಂಪ್ಯೂಟರಿನಲ್ಲಿದ್ದರೆ ಅದು ಎಲ್ಲ ಸಾಧನಗಳೂ ಓದುವ ಯುನಿಕೋಡ್ ಅಕ್ಷರದಲ್ಲಿದೆಯೇ ನೋಡಿ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಹೊಸ ಸಾಫ್ಟ್‌ವೇರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕದಿಂದ ಬದಲಿಸಿಕೊಂಡು, ಒತ್ತಕ್ಷರಗಳನ್ನು ಕಣ್ಣಿನಿಂದ ಪರಿಶೀಲಿಸಬೇಕು.

ರೈತರಿಗೆ ಪ್ರತ್ಯೇಕ ಆ್ಯಪ್ ಮಾಡಬೇಡಿ ಎಂಬುದು ನಮ್ಮ ಖಚಿತ ಸಲಹೆ. ಎರಡು ತಿಂಗಳಿಗೊಮ್ಮೆ ಬೇಕಾಗುವ ಆ್ಯಪ್ ಫೋನಿನಲ್ಲಿ ಉಳಿಯುವುದಿಲ್ಲ. ಸಾಫ್ಟ್‌ವೇರ್ ಕೇಂದ್ರದವರಿಗೆ, ರೈತರಿಗೆ ಸಂದೇಶ ಮತ್ತು ಕರೆ. ಎಸ್‌ಎಂಎಸ್ ಕಳಿಸುವುದಾದರೆ ಲೆಕ್ಕ ಹೀಗೆ: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಸ್ವರಚಿಹ್ನೆಯೂ ಒತ್ತೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ, "ಶ್ರೀ" ಒಂದೇ ನಾಲ್ಕಾಗುತ್ತದೆ. "ನಿಮ್ಮ 200 ಮೊಟ್ಟೆ ಚಾಕಿ ನ.20 ಬೆಳಿಗ್ಗೆ 6ಕ್ಕೆ ಸಿದ್ಧ." ಎಂಬುದು 48. ಉಳಿದ 22ರಲ್ಲಿ ಕೇಂದ್ರದ ಹೆಸರು ಮುಗಿಸಬೇಕು. 71 ಆದರೆ ಎರಡು ಸಂದೇಶದ ಹಣ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದಂತೆ ಕಳಿಸುವ ಸಂಸ್ಥೆ, ಕಳಿಸುವ ಹೆಸರು, ಸಂದೇಶದ ನಮೂನೆ ಮೂರನ್ನೂ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನೋಂದಾಯಿಸಿದ ನಮೂನೆಗೆ ಹೊಂದದ ಸಂದೇಶ ಹೋಗುವುದೇ ಇಲ್ಲ. ಹಾಗಾಗಿ ಮಾತುಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ರಸೀದಿಗೆ ಬ್ಲೂಟೂತ್ ಥರ್ಮಲ್ ಪ್ರಿಂಟರ್ ಕೊಳ್ಳುವುದಾದರೆ ಎರಡು ಇಂಚಿನದ್ದು ಸಾಕು. ಅದರಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ, ಅಕ್ಷರ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆ ಮುದ್ರಿಸುತ್ತದೆ. ರಸೀದಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು, ಅಗಲ 384 ಚುಕ್ಕೆ. ಈ ಒಂದು ಸಾಲನ್ನು ನಿಯಮ ಪುಸ್ತಕಕ್ಕೆ ಸೇರಿಸಿಕೊಳ್ಳಿ.

ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ಮನೆಮಾತು ತೆಲುಗು ಆಗಿರುವ ರೈತರು ಬಹಳ. ಅವರಿಗೆ ಧ್ವನಿ ಸಂದೇಶ ತೆಲುಗಿನಲ್ಲಿ ಹೋಗುವಂತಿದ್ದರೆ ಫೋನ್ ಕರೆಗಳ ಅರ್ಧ ಹೊರೆ ಇಳಿಯುತ್ತದೆ. ಪರದೆಯ ಮಾತುಗಳನ್ನು ಕೋಡಿನಿಂದ ಬೇರೆಯಾಗಿ ಒಂದು ಕಡತದಲ್ಲಿಡಲು ಮೊದಲ ದಿನವೇ ಡೆವಲಪರ್‌ಗೆ ಹೇಳಿ. ಆಮೇಲೆ ಭಾಷೆ ಸೇರಿಸುವುದು ದುಬಾರಿ.

ಪ್ಲೇ ಸ್ಟೋರ್‌ಗೆ ಅವಸರ ಬೇಡ. ಮೊದಲು ಬ್ರೌಸರಿನಲ್ಲಿ ಓಡುವಂತೆ ಮಾಡಿ. ಪ್ಲೇ ಕನ್ಸೋಲ್ ಖಾತೆಗೆ ಒಮ್ಮೆ 25 ಡಾಲರ್ ಶುಲ್ಕ. ಹೊಸದಾಗಿ ವ್ಯಕ್ತಿಯ ಹೆಸರಿನಲ್ಲಿ ತೆರೆದರೆ ಪ್ರಕಟಣೆಗೆ ಮುಂಚೆ 12 ಜನ ಸತತ 14 ದಿನ ಪರೀಕ್ಷಿಸಿರಬೇಕು. ಈ ಎರಡು ವಾರವನ್ನು ಯೋಜನೆಯಲ್ಲಿ ಲೆಕ್ಕ ಹಿಡಿಯಿರಿ.

ಹೆಜ್ಜೆ 7: ನೋಂದಣಿ, ತೆರಿಗೆ, ನೆರವು

ಮೊದಲ ಆರು ತಿಂಗಳು ಸ್ವಂತ ಹೆಸರಿನ ಉದ್ಯಮ ಮತ್ತು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ ಸಾಕು. ಉದ್ಯಮ್ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಹಣ ಕೇಳುವ ತಾಣ ನಕಲಿ ಅಥವಾ ದಲ್ಲಾಳಿಯದ್ದು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಕಡ್ಡಾಯ, ಸಾಫ್ಟ್‌ವೇರ್ ಸೇವೆಗೆ ಶೇಕಡಾ 18. ಪಾಲುದಾರರು ಬಂದಾಗ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಮಾಡಿ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಎಲ್‌ಎಲ್‌ಪಿಗೆ ಎಲ್‌ಎಲ್‌ಪಿ ಕಾಯ್ದೆಯಡಿ ಲೆಕ್ಕ ಪರಿಶೋಧನೆ ಕಡ್ಡಾಯವಲ್ಲ. ಪ್ರೈವೇಟ್ ಲಿಮಿಟೆಡ್‌ಗೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಕಡ್ಡಾಯ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ ಇದೆ. ಅರ್ಜಿಯಲ್ಲಿ ಹಣ ಕೊಟ್ಟು ಬಳಸುತ್ತಿರುವ ಐದು ಕೇಂದ್ರಗಳ ಬಿಲ್ ಇದ್ದರೆ ಹೇಳಲು ಗಟ್ಟಿ ಮಾತಿರುತ್ತದೆ. ಸ್ಟಾರ್ಟ್‌ಅಪ್ ಇಂಡಿಯಾ ಮಾನ್ಯತೆ ಸ್ವಂತ ಹೆಸರಿನ ಉದ್ಯಮಕ್ಕೆ ಸಿಗುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ರೈತರ ವಿವರ ಏಕೆ ಪಡೆಯುತ್ತೀರಿ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ಸೂಚನೆ ಕನ್ನಡದಲ್ಲೂ ಸಿಗುವಂತಿರಬೇಕು. ಬುಕಿಂಗ್‌ಗೆ ಆಧಾರ್ ಸಂಖ್ಯೆ ಬೇಕಿಲ್ಲ, ಕೇಳಲೇಬೇಡಿ.

ಹೆಜ್ಜೆ 8: ಕೇಂದ್ರದಲ್ಲಿ ನೆಲೆಯೂರಿಸುವುದು

ಮೊದಲ ಎರಡು ತಂಡ ನೋಟ್‌ಬುಕ್ ಮತ್ತು ಸಾಫ್ಟ್‌ವೇರ್ ಎರಡೂ ಜೊತೆಗೆ ನಡೆಯಲಿ. ಪ್ರತಿ ಸಂಜೆ ತಾಳೆ ನೋಡಿ. ಪುಸ್ತಕ ಬಿಡಿ ಎಂದು ನೀವು ಹೇಳಬೇಡಿ. ಬುಕಿಂಗ್ ಬರೆಯುವವರೇ ಬೇಸರಪಟ್ಟು ಬಿಡುವವರೆಗೆ ಕಾಯಿರಿ. ಮೂರನೇ ತಂಡದಲ್ಲೂ ನಮೂದುಗಳನ್ನು ನೀವೇ ಮಾಡಿಕೊಡುತ್ತಿದ್ದರೆ ಪರದೆಯಲ್ಲಿ ಏನೋ ತೊಡಕಿದೆ. ಅವರ ಪಕ್ಕ ಕೂತು, ಮಾತಾಡದೆ, ಒಂದು ಬುಕಿಂಗ್ ಬರೆಯುವುದನ್ನು ನೋಡಿ. ಸಾಮಾನ್ಯವಾಗಿ ಸಿಗುವ ಕಾರಣ ಇದು: ರೈತರು ಫೋನಿನಲ್ಲಿ ಮಾತಾಡುತ್ತಿರುವಾಗ ಅದೇ ಫೋನಿನಲ್ಲಿ ಆ್ಯಪ್ ತೆರೆಯಬೇಕು. ಅದಕ್ಕೆ ಪರಿಹಾರ ಕೋಡಿನಲ್ಲಿಲ್ಲ, ಗೋಡೆಗೆ ಸಿಕ್ಕಿಸಿದ ಒಂದು ಹಳೇ ಟ್ಯಾಬ್ಲೆಟ್‌ನಲ್ಲಿದೆ.

ಹುಳು ಹಂಚಿಕೆ ಬಿಸಿಲೇರುವ ಮುಂಚೆ ನಡೆಯುತ್ತದೆ. ನಿಮ್ಮ ಸಹಾಯದ ಫೋನ್ ಬೆಳಿಗ್ಗೆ 5ರಿಂದ 9ರವರೆಗೆ ಎತ್ತುವಂತಿರಬೇಕು. ಹಂಚಿಕೆಯ ದಿನ ಮತ್ತು ಅದರ ಹಿಂದಿನ ದಿನ ಹೊಸ ಆವೃತ್ತಿ ಹಾಕುವಂತಿಲ್ಲ ಎಂದು ಡೆವಲಪರ್‌ಗೆ ಬರೆದು ಕೊಡಿ.

ದರದ ಲೆಕ್ಕವನ್ನು ಉದಾಹರಣೆಗೆ ಹೀಗೆ ಹಾಕಿ ನೋಡಿ. ಕೇಂದ್ರಕ್ಕೆ ತಿಂಗಳಿಗೆ 1,000 ರೂಪಾಯಿಯಂತೆ 30 ಕೇಂದ್ರವಾದರೆ 30,000. ಸರ್ವರ್ ಮತ್ತು ಸಂದೇಶಕ್ಕೆ 5,000, ಡೆವಲಪರ್ ನಿರ್ವಹಣೆಗೆ 10,000, ಓಡಾಟಕ್ಕೆ 4,000 ತೆಗೆದರೆ 11,000 ಉಳಿಯುತ್ತದೆ. ಇದು ಒಬ್ಬರ ಸಂಬಳಕ್ಕೂ ಕಡಿಮೆ. ಆದ್ದರಿಂದ ಕೇಂದ್ರ ಕೈಗೆಟುಕದಷ್ಟು ದರ ಏರಿಸುವ ಬದಲು ಎರಡನೇ ಸೇವೆ ಯೋಚಿಸಿ. ಬಿತ್ತನೆ ಕೋಠಿಗೆ ಕೇಂದ್ರಗಳ ಒಟ್ಟು ಬೇಡಿಕೆ 20 ದಿನ ಮೊದಲೇ ತಿಳಿದರೆ ಅವರಿಗೂ ಲಾಭ, ಕೇಂದ್ರಗಳ ಒಪ್ಪಿಗೆಯೊಂದಿಗೆ ಅದನ್ನು ಹಣಕ್ಕೆ ಕೊಡಬಹುದು. ಆಮೇಲೆ ಮುಳಬಾಗಿಲು, ರಾಮನಗರ, ಗಡಿಯಾಚೆಯ ಹಿಂದೂಪುರ. ಹೊಸ ತಾಲ್ಲೂಕಿಗೆ ಕಾಲಿಡುವಾಗ ನಿಯಮ ಪುಸ್ತಕವನ್ನು ಅಲ್ಲಿನ ಎರಡು ಕೇಂದ್ರಗಳಲ್ಲಿ ಸಾಲು ಸಾಲಾಗಿ ಓದಿ ಹೇಳಿ, "ನಮ್ಮಲ್ಲಿ ಹೀಗಲ್ಲ" ಎಂದ ಸಾಲುಗಳಿಗೆ ಗುರುತು ಹಾಕಿ. ಗುರುತು ಐದಕ್ಕಿಂತ ಹೆಚ್ಚಾದರೆ ಅಲ್ಲಿಯೂ ಮೊದಲ ತಂಡ ಶೀಟ್ಸ್‌ನಲ್ಲೇ ನಡೆಯಲಿ.